ಮಂಗನ ಹೆಸರು, ದನದ ದಾರಿ

1957ರ ಬೇಸಿಗೆಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಿಂದ ಪುಣೆಗೆ ಒಂದು ಸುದ್ದಿ ಮುಟ್ಟಿತು. ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಪಕ್ಕದ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದಾರೆ. ಇಂದು ರಾಷ್ಟ್ರೀಯ ವೈರಾಣು ಸಂಸ್ಥೆ ಎನಿಸಿಕೊಂಡಿರುವ ಪುಣೆಯ ವೈರಸ್ ರಿಸರ್ಚ್ ಸೆಂಟರ್ ಶುರುವಾಗಿ ಆಗಿನ್ನೂ ಐದು ವರ್ಷ. ಟೆಲ್ಫರ್ಡ್ ವರ್ಕ್ ಮತ್ತು ಅವರ ಸಂಗಡಿಗರಿಗೆ ಮೊದಲು ಹುಟ್ಟಿದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವು ಅದರ ಮುನ್ಸೂಚನೆ. ಏಷ್ಯಾಕ್ಕೆ ಅದು ಕಾಲಿಟ್ಟಿರಲೇ ಇಲ್ಲ.

ಕ್ಯಾಸನೂರು ಕಾಡಿನ ಮಂಗವೊಂದರಿಂದ ತೆಗೆದ ವೈರಾಣು ಬೇರೆಯೇ ಎಂದು ತಿಳಿಯಿತು. ಅದು ರಷ್ಯಾದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮೆದುಳು ಜ್ವರದ ನೆಂಟ. ಶಾಸ್ತ್ರಜ್ಞರು ರೋಗಕ್ಕೆ ಕಾಡಿನ ಹೆಸರಿಟ್ಟರು, ಜನ ಮಂಗನ ಕಾಯಿಲೆ ಎಂದರು. ಭಾಷಾಶಾಸ್ತ್ರ ಓದಿದವಳಾಗಿ ನನಗೆ ಕುತೂಹಲ ಈ ಎರಡನೆಯ ಹೆಸರಿನ ಮೇಲೆ. ಕಣ್ಣಿಗೆ ಕಂಡ ಹೆಣದ ಮೇಲೆ ಅದು ಬೆರಳು ತೋರಿಸುತ್ತದೆ. ಮುಸುವವಾಗಲಿ ಕೋತಿಯಾಗಲಿ ನಮ್ಮಂತೆಯೇ ಕಚ್ಚಿಸಿಕೊಂಡು ಸಾಯುವ ಜೀವಿ.

ಹೆಸರಿನಲ್ಲಿ ಎಲ್ಲೂ ಇಲ್ಲದ್ದು ದನ. ಮೇಯಲು ಕಾಡಿಗೆ ಹೋಗುವ ದನದ ಮೈಯಲ್ಲಿ ಮಳೆಗಾಲದಲ್ಲಿ ದೊಡ್ಡ ಉಣ್ಣಿಗಳು ರಕ್ತ ಹೀರಿ, ಉಬ್ಬಿ, ಉದುರಿ, ಸಾವಿರಾರು ಮೊಟ್ಟೆ ಇಡುತ್ತವೆ. ಮಳೆ ನಿಂತ ಮೇಲೆ ಮರಿಗಳು. ಬೇಸಿಗೆಯಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ತರಲು ಹೋದವರ ಕಾಲಿಗೆ ಹತ್ತುವುದು ಕಣ್ಣಿಗೆ ಕಾಣದಷ್ಟು ಸಣ್ಣ ಈ ಎಳೆಯ ಉಣ್ಣಿಗಳೇ. ದನಕ್ಕೆ ಮಾತ್ರ ಏನೂ ಆಗುವುದಿಲ್ಲ. ವೈರಾಣು ಅದರ ರಕ್ತದಲ್ಲಿ ಹೆಚ್ಚು ಬೆಳೆಯುವುದೂ ಇಲ್ಲ. ಅದು ಉಣ್ಣಿಗೆ ಅನ್ನ ಹಾಕುತ್ತದೆ, ಅಷ್ಟೆ. ಕಾಡು ಕಡಿದು ಗದ್ದೆ, ತೋಟ, ಗೋಮಾಳ ಒಂದರೊಳಗೊಂದು ಹೆಣೆದುಕೊಂಡ ಅಂಚಿನಲ್ಲಿ ಈ ರೋಗ ಹೆಚ್ಚಿತೆಂದು 1960ರ ದಶಕದಲ್ಲೇ ಹೋರ್ಹೆ ಬೊಶೆಲ್ ವಾದಿಸಿದ್ದರು.

ಹಾಗಾಗಿ ಕಾವಲು ಮಂಗದ ಮೇಲೆ. ಸತ್ತ ಮಂಗ ಕಂಡರೆ ತಿಳಿಸಬೇಕು, ಪರೀಕ್ಷೆ ಆಗಬೇಕು, ಹೆಣ ಸುಡಬೇಕು, ಸುತ್ತ ಕೀಟನಾಶಕ ಹಾಕಬೇಕು. ನಮ್ಮ ಆಡಳಿತದಲ್ಲಿ ಮಂಗ ಅರಣ್ಯ ಇಲಾಖೆಯದು, ದನ ಪಶುಪಾಲನಾ ಇಲಾಖೆಯದು, ಜ್ವರ ಆರೋಗ್ಯ ಇಲಾಖೆಯದು. ಉಣ್ಣಿಗೆ ಇಲಾಖೆಯೇ ಇಲ್ಲ. ದಶಕಗಟ್ಟಲೆ ಕೊಟ್ಟ ಲಸಿಕೆಯ ಬಲ ಕುಂದಿತ್ತು, ಈಚೆಗೆ ಅದನ್ನು ನಿಲ್ಲಿಸಲಾಗಿದೆ. ಅಷ್ಟರಲ್ಲಿ, 2012ರಿಂದೀಚೆಗೆ, ರೋಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗ ಮುಟ್ಟಿತ್ತು.

ಕೆಲವು ವರ್ಷಗಳ ಹಿಂದೆ ಈ ರೋಗದ ತಿಳಿವಳಿಕೆ ಪತ್ರವೊಂದನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಮೇಲೆ ಮಂಗನ ಚಿತ್ರ. ಒಳಗೆ ನಾನು ಎಲ್ಲೆಡೆ ‘ಉಣ್ಣಿ’ ಎಂದು ಬರೆದಿದ್ದೆ. ಸಾಗರದ ಕಡೆಯ ಗೆಳತಿ ಓದಿ, ಪೆನ್ನು ತೆಗೆದು, ಅಷ್ಟೂ ಕಡೆ ಹೊಡೆದುಹಾಕಿ ‘ಉಣುಗು’ ಎಂದು ತಿದ್ದಿದಳು. ಆಮೇಲೆ ಅಂಚಿನಲ್ಲಿ ಕೇಳಿದ್ದಳು: “ದನ ಎಲ್ಲಿ?”