ಹೆಸರಿಗೆ ಮೊದಲಿನ ಹಾಡು

ಹಿರಿಯರು ನಾಲ್ವರು ಒಂದೆಡೆ ಕುಳಿತು ಸಂಗೀತದ ಮಾತು ತೆಗೆದರೆ, ಅವರಲ್ಲಿ ಒಬ್ಬರಾದರೂ ಆಡದೆ ಬಿಡದ ಮಾತೊಂದುಂಟು: "ಅವರ ಹೆಸರು ನಾಲ್ಕು ಜನಕ್ಕೆ ತಿಳಿಯುವ ಮೊದಲೇ ನಾನು ಅವರ ಹಾಡು ಕೇಳಿದ್ದೆ." ಈ ಮಾತಿನಲ್ಲಿ ಸ್ವಲ್ಪ ಹೆಮ್ಮೆಯುಂಟು, ಸ್ವಲ್ಪ ಉತ್ಪ್ರೇಕ್ಷೆಯೂ ಇರಬಹುದು. ಕೇಳಿದ ಆ ರಾತ್ರಿಯೇ ಹಾಡಿದ ಹುಡುಗನ ಹೆಸರನ್ನು ವಿಚಾರಿಸಿ ತಿಳಿದವರು ಎಷ್ಟು ಮಂದಿ? ಮುಂದೆ ಆತನು ಪ್ರಸಿದ್ಧನಾದ ಮೇಲೆ ನಮ್ಮ ನೆನಪು ಇದ್ದುದರ ಜೊತೆಗೆ ಇಲ್ಲದುದನ್ನೂ ಸೇರಿಸಿಕೊಂಡು ಮಾತಾಡುವುದು ಸಹಜ. ಹಾಗೆಂದು ಈ ಮಾತನ್ನು ಬರಿಯ ಜಂಬವೆಂದು ತಳ್ಳಿಬಿಡುವಂತಿಲ್ಲ. ಕೀರ್ತಿ ಬಂದ ಮೇಲಿನ ಸಂಗೀತಗಾರನ ಚರಿತ್ರೆಯನ್ನು ಪತ್ರಿಕೆಗಳೂ ಬಿರುದುಗಳೂ ಕಾಪಾಡುತ್ತವೆ. ಕೀರ್ತಿಗೆ ಮೊದಲಿನ ಚರಿತ್ರೆಗಾದರೋ ಕೇಳಿದವರ ನೆನಪೇ ಆಧಾರ. ಆ ಕೇಳಿದವರು ಯಾರು, ಅವರಿಂದ ಸಂಗೀತಕ್ಕೆ ಒದಗಿದ ಉಪಕಾರವೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನಲ್ಲಿ ಗೌಡಗೆರೆ ಎಂಬುದೊಂದು ಹೋಬಳಿ. ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡಗಳಂತೆ ಇದೂ ಮಳೆಯನ್ನು ಎದುರುನೋಡುವ ಸೀಮೆ. ರಾಗಿ, ಕಡಲೆಕಾಯಿಗಳ ನಾಡು. ಸಂಗೀತದ ಚರಿತ್ರೆಯನ್ನು ಬರೆಯುವವರು ಅರಮನೆಯಿದ್ದ ಮೈಸೂರಿನ ಹೆಸರನ್ನು ಬರೆಯುವರು, ಧಾರವಾಡದ ಹೆಸರನ್ನು ಬರೆಯುವರು. ಗೌಡಗೆರೆಯಂಥ ಊರಿನ ಹೆಸರನ್ನು ಬರೆಯರು. ಆದರೆ ಈ ಜಿಲ್ಲೆಯ ಜನಕ್ಕೆ ಇರುಳೆಲ್ಲಾ ಎದ್ದು ಕುಳಿತು ಹಾಡು ಕೇಳುವ ಅಭ್ಯಾಸ ಹೊಸತಲ್ಲ. ಮೂಡಲಪಾಯದ ಬಯಲಾಟದಲ್ಲಿ ಭಾಗವತನ ಪದಕ್ಕೆ ತಲೆದೂಗಿದ ಜನ ಇವರು. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿತು. ಹುಡುಗನಾಗಿ ಅದನ್ನು ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆಯರಾಗಿ, 1972ರಲ್ಲಿ ತೀರಿಕೊಳ್ಳುವ ವೇಳೆಗೆ ಆ ಹೆಸರನ್ನು ದಕ್ಷಿಣ ದೇಶಕ್ಕೆಲ್ಲ ಪರಿಚಯ ಮಾಡಿಕೊಟ್ಟಿದ್ದರು.

ಆ ಕಾಲದ ನಾಟಕವೆಂದರೆ ಅರ್ಧಕ್ಕೆ ಅರ್ಧ ಸಂಗೀತವೇ. ರಾಜನು ಕೋಪಗೊಂಡರೂ ಹಾಡುವನು, ರಾಣಿಯು ಮೂರ್ಛೆಹೋಗುವ ಮೊದಲೂ ಹಾಡುವಳು. ಧ್ವನಿವರ್ಧಕ ಯಂತ್ರವು ಇನ್ನೂ ಬಂದಿರಲಿಲ್ಲ. ಮುಂದೆ ಕುರ್ಚಿಯಲ್ಲಿ ಕುಳಿತ ಅಮಲ್ದಾರರಿಗೆ ಕೇಳಿಸಿದಂತೆಯೇ, ಹಿಂದೆ ನೆಲದ ಮೇಲೆ ಕುಳಿತ ರೈತನಿಗೂ ಹಾಡಿನ ಅಕ್ಷರ ಅಕ್ಷರವೂ ಕೇಳಿಸಬೇಕಾಗಿತ್ತು. ಹಾರ್ಮೋನಿಯಮ್ಮಿನ ಶ್ರುತಿಗಿಂತ ಒಂದು ಕೂದಲೆಳೆಯಷ್ಟು ಇಳಿದರೂ ನೆಲದ ಸಭೆಯಲ್ಲಿ ಗದ್ದಲ ಏಳುವುದು; ಹಾಡು ಹಿಡಿಸಿದರೆ "ವನ್ಸ್ ಮೋರ್" ಎಂಬ ಕೂಗೂ ಅಲ್ಲಿಂದಲೇ ಏಳುವುದು. ಇಂಗ್ಲಿಷಿನ ಒಂದಕ್ಷರ ಬಾರದವನೂ ಈ ಎರಡು ಶಬ್ದಗಳನ್ನು ಬಲ್ಲವನಾಗಿದ್ದನು. ಒಂದೇ ಪದವನ್ನು ಎರಡನೆಯ ಸಲ, ಮೂರನೆಯ ಸಲ ಹಾಡಬೇಕಾಗಿ ಬಂದ ಹುಡುಗನು, ಮೊದಲಿನಂತೆಯೇ ಹಾಡಿದರೆ ಸಾಲದೆಂದು ತಾನಾಗಿಯೇ ಕಲಿಯುತ್ತಿದ್ದನು. ಇದೂ ಒಂದು ಗುರುಕುಲವೇ ಸರಿ. ಇಲ್ಲಿ ಗುರುವಿಗೆ ತಾನು ಗುರುವೆಂಬುದು ತಿಳಿದಿರಲಿಲ್ಲ, ಅಷ್ಟೆ.

ಗುಬ್ಬಿ ಕಂಪೆನಿಯೊಂದನ್ನೇ ತೆಗೆದುಕೊಳ್ಳಿ. ನೆಲಮಂಗಲದ ಕಡೆಯ ಚೌಡಸಂದ್ರದಲ್ಲಿ 1915ರಲ್ಲಿ ಹುಟ್ಟಿದ ಹೊನ್ನಪ್ಪ ಭಾಗವತರು ಅದರ ರಂಗದ ಮೇಲೆ ಹಾಡಿದವರು. 1955ರಲ್ಲಿ 'ಮಹಾಕವಿ ಕಾಳಿದಾಸ' ಚಿತ್ರದಿಂದ ಅವರ ಹೆಸರು ಮನೆಮನೆಗೂ ಮುಟ್ಟಿತು. ಬಂಟ್ವಾಳದ ಕಡೆಯ ಮಂಚಿಯಲ್ಲಿ 1929ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಮನೆ ಬಿಟ್ಟು ಬಂದು ಅದೇ ಕಂಪೆನಿಯನ್ನು ಸೇರಿದ ಹುಡುಗನೊಬ್ಬನು, ವೀರಣ್ಣನವರ ನೆರವಿನಿಂದಲೇ ಕಾಶಿಗೆ ಹೋಗಿ ವಿದ್ಯಾಭ್ಯಾಸ ಮಾಡಿದನು. ಅವರೇ ಬಿ. ವಿ. ಕಾರಂತರು. 1976ರ 'ಋಷ್ಯಶೃಂಗ', 1977ರ 'ಘಟಶ್ರಾದ್ಧ'ಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಗಳು ಬಂದವು. ಗಾಜನೂರಿನ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನೂ ತಂದೆಯ ಬೆನ್ನುಹಿಡಿದು ಈ ಕಂಪೆನಿಯಲ್ಲಿ ಬೆಳೆದವನು. 1954ರ 'ಬೇಡರ ಕಣ್ಣಪ್ಪ'ನಿಂದ ಆತನು ರಾಜಕುಮಾರನಾದುದನ್ನು ಎಲ್ಲರೂ ಬಲ್ಲರು. 'ಜೀವನ ಚೈತ್ರ'ದ ಹಾಡಿಗಾಗಿ 1992ರ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ಗಾಯಕನಾಗಿಯೇ ಪಡೆದರೆಂಬುದನ್ನು ಸ್ವಲ್ಪ ಜನ ಮರೆತಿರಬಹುದು. ಆ ಕಂಠಕ್ಕೆ ಮೊದಲ ಸಾಣೆ ಹಿಡಿದುದು ನಾಟಕದ ಡೇರೆಯ ಬೆಳಕಿನಲ್ಲಿ. ಅಂದು ಡೇರೆಯಲ್ಲಿದ್ದವರು ಕೇಳಿದುದು ರಾಜಕುಮಾರರನ್ನಲ್ಲ. ಯಾರೋ ಒಬ್ಬ ಹುಡುಗನನ್ನು.

ಈ ಮಾತು ಮೈಸೂರು ಸೀಮೆಗೆ ಮಾತ್ರ ಸಲ್ಲುವುದಲ್ಲ. ಉತ್ತರದ ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನನೂ ಮೊದಲು ನಾಟಕದ ಹುಡುಗನೇ. ಅವನ ಹಾಡನ್ನು ರಂಗದ ಮೇಲೆ ಕೇಳಿದ ಸಾವಿರಾರು ಜನರಲ್ಲಿ ಅಪ್ಪಯ್ಯಸ್ವಾಮಿಗಳೆಂಬ ವಿದ್ವಾಂಸರು ಒಬ್ಬರು. ಅವರು ಆ ಕಂಠವನ್ನು ಗುರುತಿಸಿ ಕರ್ಣಾಟಕ ಸಂಗೀತದ ಮೊದಲ ಪಾಠಗಳನ್ನು ಹೇಳಿಕೊಟ್ಟರು. ಆಮೇಲೆ ಮೀರಜಿನ ನೀಲಕಂಠಬುವಾ ಅವರ ಬಳಿ ಹಿಂದೂಸ್ತಾನಿ ಸಂಗೀತದ ಶಿಕ್ಷಣವು ದೊರೆಯಿತು. ಎಲ್ಲರೂ ಮೆಚ್ಚಿ ಮನೆಗೆ ಹೋದರು. ಒಬ್ಬರು ಮೆಚ್ಚಿ ಕೈಹಿಡಿದರು. ಒಬ್ಬರ ಉಪಕಾರವನ್ನು ಚರಿತ್ರೆಯು ನೆನೆಯುವುದು ನ್ಯಾಯವೇ. ಆದರೆ ಆ ಸಾವಿರ ಮಂದಿ ಚೀಟಿ ಕೊಂಡು ಒಳಗೆ ಬಾರದಿದ್ದರೆ ಆ ಒಬ್ಬರಿಗೆ ಕೇಳಿಸಲು ನಾಟಕವೇ ನಡೆಯುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ನಾವು ಕಂಡುದಕ್ಕೂ ಹಾಡಿದವರು ಅನುಭವಿಸಿದುದಕ್ಕೂ ಬಹಳ ಅಂತರವಿರಬಹುದು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿಯವರ ಸಮ್ಮುಖದಲ್ಲಿ, ಹನ್ನೊಂದು ವರ್ಷದ ಗಂಗೂಬಾಯಿ ಸ್ವಾಗತಗೀತೆಯನ್ನು ಹಾಡಿದಳು. ಸಭೆಯು ಕಂಡುದು ಹಾಡುವ ಒಂದು ಹೆಣ್ಣುಮಗುವನ್ನು. ಆ ಮಗುವಿನ ಮನಸ್ಸಿನಲ್ಲಿದ್ದುದಾದರೋ ಬೇರೆ: ಕೆಳಗಿನವರೆಂದು ಎಣಿಸಲ್ಪಟ್ಟ ಜಾತಿಯವಳಾದ ತನ್ನನ್ನು, ಊಟವಾದ ಮೇಲೆ ಎಂಜಲೆಲೆ ತೆಗೆಯೆಂದು ಹೇಳಿಬಿಟ್ಟರೆ ಎಂಬ ಭಯ. ಇದನ್ನು ಗಂಗೂಬಾಯಿ ಹಾನಗಲ್ ಅವರೇ ಬಹುಕಾಲದ ಮೇಲೆ ಹೇಳಿಕೊಂಡರು. ಅವರಿಗೆ 2002ರಲ್ಲಿ ಪದ್ಮವಿಭೂಷಣವು ಬಂದಿತು. "ನಾನು ಮೊದಲೇ ಕೇಳಿದ್ದೆ" ಎನ್ನುವವರು, ಅಂದು ತಮಗೆ ಕೇಳಿಸದೆ ಹೋದುದು ಏನೆಂಬುದನ್ನೂ ಒಂದು ಕ್ಷಣ ಯೋಚಿಸುವುದು ಒಳ್ಳೆಯದು.

ಇದಕ್ಕೆ ಎದುರಾಗಿ ಮನಸ್ಸನ್ನು ತಂಪು ಮಾಡುವ ದೃಶ್ಯವೊಂದುಂಟು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಡೆಯಿತು. ಅಲ್ಲಿ ಹದಿಹರೆಯದ ಬಸವರಾಜ ರಾಜಗುರುಗಳು ಮೊದಲ ಬಾರಿಗೆ ದೊಡ್ಡ ಸಭೆಯೆದುರು ಕುಳಿತು ಹಾಡಿದರು. ತಬಲಾ ನುಡಿಸಲು ಪಕ್ಕದಲ್ಲಿ ಕುಳಿತವರು ಅವರ ಗುರುಗಳಾದ ಪಂಚಾಕ್ಷರಿ ಗವಾಯಿಗಳೇ! ಕಣ್ಣು ಕಾಣದ ಆ ಮಹಾನುಭಾವರು, ಇನ್ನೂ ಹೆಸರಿಲ್ಲದ ಶಿಷ್ಯನ ಹಿಂದೆ ತಮ್ಮ ಹೆಸರನ್ನು ಮರೆಸಿಕೊಂಡು ಕುಳಿತರು. ಅಂದು ಹಂಪೆಯಲ್ಲಿದ್ದವರು ಕಂಡುದು ಒಂದು ಕೀರ್ತಿಯ ಹುಟ್ಟನ್ನಷ್ಟೇ ಅಲ್ಲ. ಇನ್ನೊಂದು ಕೀರ್ತಿಯು ತಾನಾಗಿ ಬದಿಗೆ ಸರಿದು ಜಾಗ ಬಿಟ್ಟುದನ್ನೂ ಕಂಡರು.

ಇದಕ್ಕೆ ಹಿಂದಿನ ವರ್ಷವೇ, ಎಂದರೆ 1935ರಲ್ಲಿ, ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದ್ದರು. ಅಲ್ಲಿಂದ ಮುಂದೆ ಕೇಳುವ ಬಗೆಯೇ ಬೇರೆಯಾಯಿತು. ರೇಡಿಯೋದಲ್ಲಿ ಮೊದಲು ಹೆಸರು ಬರುತ್ತದೆ, ಆಮೇಲೆ ಹಾಡು. ಡೇರೆಯಲ್ಲಿ ಮೊದಲು ಹಾಡು, ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರೇಡಿಯೋ ಮಾಡಿದ ಉಪಕಾರವು ಸಾಮಾನ್ಯವಲ್ಲ. ಹಳ್ಳಿಯವರು ಮೈಸೂರಿನ ವಿದ್ವಾಂಸರನ್ನು ತಮ್ಮೂರಿನಲ್ಲಿಯೇ ಕೇಳುವಂತಾಯಿತು. ಆದರೆ ಹೆಸರು ಮೊದಲು ಬಂದರೆ ಕಿವಿಗಿಂತ ಮುಂಚೆ ಗೌರವವು ತಲೆದೂಗಿಬಿಡುವುದೂ ಉಂಟು. ಬಿರುದು, ಬಿನ್ನವತ್ತಳೆ ಯಾವುದನ್ನೂ ಕೇಳದೆ, ಹಾಡಿಗಾಗಿಯೇ ಹಾಡನ್ನು ಮೆಚ್ಚಿದ ನೆಲದ ಮೇಲಿನ ರೈತನ ಮೆಚ್ಚಿಗೆಗೆ ಆ ಕಾರಣದಿಂದಲೇ ಒಂದು ಬೆಲೆಯುಂಟು.

ಆ ರೈತನ ಹೆಸರನ್ನು ಯಾರೂ ಬರೆದಿಡಲಿಲ್ಲ. ಆ ಡೇರೆಗಳಲ್ಲಿ ಕುಳಿತು ಕೇಳಿದವರು ಈಗ ಬಹಳ ಮಂದಿ ಉಳಿದಿಲ್ಲ. ಉಳಿದವರ ನೆನಪೂ ದಿನೇ ದಿನೇ ಮಾಸುತ್ತಿದೆ. ಮನೆಯಲ್ಲಿ ಅಂಥ ಅಜ್ಜನೋ ಅಜ್ಜಿಯೋ ಇದ್ದರೆ ಪಕ್ಕದಲ್ಲಿ ಕುಳಿತು, ಯಾವ ಊರು, ಯಾವ ನಾಟಕ, ಯಾವ ಪದ ಎಂದು ಕೇಳಿ ಬರೆದುಕೊಳ್ಳಬೇಕು. ಸ್ವಲ್ಪ ಉತ್ಪ್ರೇಕ್ಷೆಯಿದ್ದರೂ ಇರಲಿ, ಅದನ್ನು ಸೋಸಲು ಮುಂದೆ ಅವಕಾಶವುಂಟು. ಇನ್ನು ನಾವು? ನಮ್ಮ ಬೀದಿಯ ರಾಮನವಮಿಯ ಚಪ್ಪರದಲ್ಲಿ, ಊರಿನ ಜಾತ್ರೆಯಲ್ಲಿ, ದೊಡ್ಡ ಕಚೇರಿ ಮೊದಲಾಗುವ ಮುನ್ನ ಹತ್ತು ನಿಮಿಷ ಹಾಡಿ ಹೋಗುವ ಹುಡುಗಿಯೋ ಹುಡುಗನೋ ಇಂದಿಗೂ ಇದ್ದಾರೆ. ಆ ಹತ್ತು ನಿಮಿಷ ಮಾತು ನಿಲ್ಲಿಸಿ ಕೇಳೋಣ. ಹಾಡು ಮುಗಿದ ಮೇಲೆ ಹತ್ತಿರಕ್ಕೆ ಹೋಗಿ, "ನಿನ್ನ ಹೆಸರೇನಮ್ಮ?" ಎಂದು ವಿಚಾರಿಸೋಣ. ಆ ಮಗುವು ಮುಂದೆ ಪ್ರಸಿದ್ಧವಾಗದೆ ಹೋದರೂ ಕೇಳಿದುದು ನಷ್ಟವಾಗಲಾರದು.