ಮಕ್ಕಳ ಜೊತೆ ವಿಡಿಯೋ ಗೇಮ್ ಆಡಬಹುದೇ? ಇಲ್ಲಿದೆ ವಾಸ್ತವ

ಹೇಳಿಕೆ: ಯಾವ ವಿಡಿಯೋ ಗೇಮ್ ಆದರೂ ಮಕ್ಕಳಿಗೆ ಚಟವೇ.

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇರುವುದು ನಿಜ. ಆದರೆ ಆಟ ಹಿಡಿತ ತಪ್ಪಿ, ಓದು, ಸಂಬಂಧಗಳು ಕೆಡುವ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ಈ ಹೆಸರು. ಮನೆಯವರು ಜೊತೆ ಕೂತು ಒಂದಿಷ್ಟು ಹೊತ್ತು ಆಡುವುದು ಇದಲ್ಲ.

ಉದಾಹರಣೆಗೆ, 2021ರಲ್ಲಿ ಬಂದ ‘ಇಟ್ ಟೇಕ್ಸ್ ಟು’. ಇದನ್ನು ಒಬ್ಬರೇ ಆಡಲಾಗದು. ಒಂದು ಹಂತದಲ್ಲಿ ಒಬ್ಬರ ಕೈಯಲ್ಲಿ ಮೊಳೆ, ಇನ್ನೊಬ್ಬರ ಕೈಯಲ್ಲಿ ಸುತ್ತಿಗೆ. ಒಬ್ಬರು ಮೊಳೆ ಎಸೆದು ನೆಟ್ಟರೆ ಇನ್ನೊಬ್ಬರು ಅದಕ್ಕೆ ಸುತ್ತಿಗೆ ಸಿಕ್ಕಿಸಿ, ಜೋತಾಡಿ ದಾಟಬೇಕು. ‘ತಡಿ’, ‘ಈಗ ಎಸಿ’ ಎಂದು ಮಾತಾಡಿಕೊಳ್ಳದೆ ಮುಂದೆ ಹೋಗುವುದು ಕಷ್ಟ.

ಎಚ್ಚರ: ಗೊಂಬೆಗಳಿವೆ ಎಂದ ಮಾತ್ರಕ್ಕೆ ಇದು ಪುಟಾಣಿಗಳ ಆಟವಲ್ಲ. ಕಥೆ ವಿಚ್ಛೇದನಕ್ಕೆ ಹೊರಟ ಅಪ್ಪ-ಅಮ್ಮನದು. ಮಗಳನ್ನು ಅಳಿಸಲು ಅವಳ ಪ್ರೀತಿಯ ಆನೆ ಗೊಂಬೆಯನ್ನು ಅವರೇ ಎಳೆದಾಡುವ ದೃಶ್ಯವೂ ಇದೆ. ಯುರೋಪಿನ ‘ಪೆಗಿ’ ರೇಟಿಂಗ್ ಪ್ರಕಾರ ಇದು 12 ವರ್ಷ ಮೇಲ್ಪಟ್ಟವರಿಗೆ. ಇಬ್ಬರು ಆಡಬಹುದಾದ ‘ಲೆಗೋ’ ಸರಣಿಯ ಹಲವು ಆಟಗಳಿಗೆ ಈ ಮಿತಿ 7 ವರ್ಷ.

ತೀರ್ಮಾನ: ಹೇಳಿಕೆ ಅರ್ಧಸತ್ಯ. ವಯಸ್ಸಿನ ರೇಟಿಂಗ್ ನೋಡಿ, ಸಮಯ ಮೊದಲೇ ನಿಗದಿ ಮಾಡಿ, ಮಕ್ಕಳ ಪಕ್ಕದಲ್ಲೇ ಕೂತು ಆಡಿ.