‘ಇನ್ಸರೆಕ್ಷನ್’ ಮತ್ತು ‘ಕಾಟಕಾಯಿ’: ಅಮರಸುಳ್ಯದ 1837ರ ಘಟನೆಗೆ ಸಂದ ಹೆಸರುಗಳು

1837ರ ಮಾರ್ಚ್ ತಿಂಗಳ ಕೊನೆಯಲ್ಲಿ ಸುಳ್ಯದ ಸೀಮೆಯಿಂದ ಹೊರಟು, ಬೆಳ್ಳಾರೆಯ ಖಜಾನೆಯನ್ನು ಕೈವಶಮಾಡಿಕೊಂಡು, ಪುತ್ತೂರು, ಬಂಟವಾಳಗಳನ್ನು ಹಾಯ್ದು, ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನು ಹೊಕ್ಕ ಜನಸಮೂಹದ ಕಾರ್ಯವನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ‘ಇನ್ಸರೆಕ್ಷನ್’ ಎಂದು ಬರೆದರು. ನಾಡಿನ ಜನರ ಬಾಯಲ್ಲಾದರೋ ಅದು ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ನಿಂತಿತು.

ಲ್ಯಾಟಿನಿನಲ್ಲಿ ‘ಎದುರಾಗಿ ಏಳು’ ಎಂಬರ್ಥವುಳ್ಳ ಧಾತುವಿನಿಂದ ಬಂದ ಈ ಇಂಗ್ಲಿಷ್ ಶಬ್ದವು, ಬೀದಿಯ ದೊಂಬಿಯನ್ನು ಹೇಳುವ ‘ರಾಯಟ್’ಗಿಂತಲೂ, ಸೈನಿಕರ ಆಜ್ಞೋಲ್ಲಂಘನಕ್ಕೆ ಸಲ್ಲುವ ‘ಮ್ಯೂಟಿನಿ’ಗಿಂತಲೂ ಭಿನ್ನವಾಗಿ, ಸ್ಥಾಪಿತವಾದ ಪ್ರಭುತ್ವವೊಂದನ್ನು ಪ್ರತಿಭಟಿಸಿ ಎದ್ದ ಸಮುದಾಯವನ್ನು ಸೂಚಿಸುತ್ತದೆ. ಆದುದರಿಂದ ಖಂಡಿಸುವ ಉದ್ದೇಶದಿಂದಲೇ ಆ ಪದವನ್ನು ಬಳಸಿದವರೂ ಘಟನೆಯ ರಾಜಕೀಯ ಸ್ವರೂಪವನ್ನು ಒಪ್ಪಿಕೊಂಡಂತಾಯಿತು. ಆದರೆ ಸ್ಥಾಪಿತವೆನ್ನಲಾದ ಆ ಪ್ರಭುತ್ವಕ್ಕೆ ಇಲ್ಲಿ ಆಗಿದ್ದ ವಯಸ್ಸೆಷ್ಟು?

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನದಾಗಿಸಿಕೊಂಡ ಕಂಪನಿಯು, ಅದುವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಜೋಡಿಸಿತು. ಬೆಳೆದುದರಲ್ಲಿಯೇ ಒಂದು ಪಾಲನ್ನು ಅಳೆದುಕೊಟ್ಟು ಕಂದಾಯ ತೀರಿಸುತ್ತಿದ್ದ ರೈತನು ಈಗ ನಾಣ್ಯವನ್ನೇ ತರಬೇಕಾಯಿತು. ಪೇಟೆ ದೂರ, ಭತ್ತಕ್ಕೆ ಬೆಲೆ ಸ್ವಲ್ಪ, ಸಾಲ ಕೊಡುವವನ ಷರತ್ತು ಕಠಿನ. ಉಪ್ಪು, ಹೊಗೆಸೊಪ್ಪುಗಳ ಮೇಲಿನ ಸರ್ಕಾರಿ ಏಕಸ್ವಾಮ್ಯದ ಹೊರೆ ಬೇರೆ. ಎದ್ದವರು ಕಂದಾಯದ ರಿಯಾಯಿತಿಯನ್ನು ಸಾರಿದುದು, ಅರಸುಮನೆತನದ ಹೆಸರಿನಲ್ಲಿ ನಿರೂಪಗಳನ್ನು ಹೊರಡಿಸಿದುದು, ಮೊದಲು ಖಜಾನೆಗೆ ಕೈಹಾಕಿದುದು—ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಅವ್ಯವಸ್ಥೆಯೆಂಬ ಹೆಸರನ್ನು ಪಡೆದುದು ವಾಸ್ತವದಲ್ಲಿ ಮತ್ತೊಂದು ವ್ಯವಸ್ಥೆಯನ್ನು ಕಟ್ಟುವ ಯತ್ನವಾಗಿತ್ತೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಪೀಡೆ, ಸುಲಿಗೆಗಳ ಛಾಯೆಯುಳ್ಳ ‘ಕಾಟಕಾಯಿ’ಯು ‘ಕಾಟ’, ‘ಕಾಟಕ’ಗಳ ಬಳಗಕ್ಕೆ ಸೇರಿದುದೆಂದು ತೋರುತ್ತದೆ. ಅದನ್ನು ಪರಕೀಯರು ಹಬ್ಬಿಸಿದ ಅಪಪ್ರಚಾರವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ದಂಡು ನಡೆದ ದಾರಿಯ ಮನೆಗಳಿಗೆ ಭಯವಿದ್ದುದೂ ಚರಿತ್ರೆಯೇ. ಇನ್ನೂ ಗಮನಾರ್ಹವಾದುದು ಅದರ ವಿಶೇಷಣ. ‘ಕಲ್ಯಾಣಪ್ಪ’ನೆಂದರೆ ಕಲ್ಯಾಣಸ್ವಾಮಿ; ಅರಸುಮನೆತನದ ಆ ಹೆಸರನ್ನು ಧರಿಸಿದವನು ಪುಟ್ಟಬಸಪ್ಪ. ಆದರೆ ಜನರನ್ನು ಕಲೆಹಾಕಿದವರಲ್ಲಿ ಅಗ್ರಗಣ್ಯನು ಕೆದಂಬಾಡಿ ರಾಮಯ್ಯಗೌಡ. ಅರಸುತನದ ಹೆಸರು ನುಡಿಯಲ್ಲಿ ಉಳಿದು, ಒಕ್ಕಲಿನ ಮುಖಂಡನ ಹೆಸರು ಅದರ ಮರೆಯಲ್ಲಿ ನಿಂತಿತು.

ಇಂದಿನ ಕಡಬ ತಾಲ್ಲೂಕಿನ ಕುಳ್ಕುಂದದಲ್ಲಿ ಹುಟ್ಟಿದ ಸಾಹಿತಿ ನಿರಂಜನರು ಈ ಘಟನೆಯನ್ನು ಕುರಿತ ತಮ್ಮ ಕಾದಂಬರಿಗೂ ‘ಕಲ್ಯಾಣಸ್ವಾಮಿ’ ಎಂದೇ ಹೆಸರಿಟ್ಟರು. ‘ರೈತರ ದಂಗೆ’, ‘ಸ್ವಾತಂತ್ರ್ಯ ಸಂಗ್ರಾಮ’ ಎಂಬ ಈಚಿನ ಹೆಸರುಗಳು ಒಕ್ಕಲಿನವರು ಮರೆಯಾದ ಆ ಕೊರತೆಯನ್ನು ತುಂಬಹೊರಟಿವೆ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡ ರಾಮಯ್ಯಗೌಡನ ಪ್ರತಿಮೆಯೂ ಆ ದಿಕ್ಕಿನದೇ. ಆದರೂ ‘ಕಾಟಕಾಯಿ’ಯನ್ನು ಅಳಿಸಿ ಹೊಸ ಹೆಸರನ್ನು ಸ್ಥಾಪಿಸುವುದಕ್ಕಿಂತ, ಸುಲಿಗೆಯೆಂಬ ಅರ್ಥದ ಪಕ್ಕದಲ್ಲಿಯೇ 1837ರ ಈ ವಿಶೇಷಾರ್ಥವನ್ನೂ ನಮ್ಮ ನಿಘಂಟುಗಳಲ್ಲಿ ದಾಖಲಿಸುವುದು ಯುಕ್ತವೆಂದು ಭಾವಿಸುತ್ತೇನೆ.